ಸರ್ಕಾರಿ ಕಚೇರಿಯ ಜಾಲತಾಣಕ್ಕೆ ಕ್ಲೌಡ್, ಸಿಎಂಎಸ್ ಆರಿಸುವುದು ಹೇಗೆ? ತುಂಗಭದ್ರೆಯ ಸೀಮೆಯಿಂದೊಂದು ಕೈಪಿಡಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆಯಬೇಕಾಯಿತು. ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ನದಿದಂಡೆಯ ಊರುಗಳಲ್ಲಿ ಒಂದೇ ಪ್ರಶ್ನೆ: ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ನಮ್ಮಲ್ಲಿಗೆ ಯಾವಾಗ ಬರುತ್ತದೆ? ಅಂಥ ರಾತ್ರಿ ಸರ್ಕಾರಿ ಕಚೇರಿಯ ಜಾಲತಾಣದಲ್ಲಿ ಬೇಕಾಗುವುದು ಒಂದೇ ಒಂದು ಸಾಲು. ಆ ಸಾಲನ್ನು ಯಾರು ಹಾಕುತ್ತಾರೆ, ಎಲ್ಲಿಂದ ಹಾಕುತ್ತಾರೆ, ಸಾವಿರಾರು ಜನ ಒಟ್ಟಿಗೆ ತೆರೆದಾಗ ಪುಟ ಎದ್ದು ನಿಲ್ಲುತ್ತದೆಯೇ? ಕ್ಲೌಡ್ (ಅಂತರ್ಜಾಲದ ಮೂಲಕ ಬಳಸುವ, ಬೇರೆಯವರ ಕೇಂದ್ರದಲ್ಲಿರುವ ಸರ್ವರ್) ಮತ್ತು ತಂತ್ರಾಂಶ ಆರಿಸುವಾಗ ನಾನು ಕೇಳುವುದು ಇಷ್ಟನ್ನೇ. ಮುಂದೆ ಬರುವ ಹೆಜ್ಜೆಗಳೆಲ್ಲ ಈ ಮೂರು ಪ್ರಶ್ನೆಗಳ ಕವಲುಗಳು.

ಈ ಭಾಗದ ಕಚೇರಿಗಳ ಜಾಲತಾಣಗಳನ್ನು ರಿಪೇರಿ ಮಾಡುತ್ತಾ ನನಗೆ ಹಲವು ವರ್ಷಗಳಾದವು. ಹಾಳಾದ ತಾಣಗಳಲ್ಲಿ ಹೆಚ್ಚಿನವು ತಂತ್ರಜ್ಞಾನದ ದೋಷದಿಂದ ಹಾಳಾದವಲ್ಲ. ಅವುಗಳನ್ನು ದಿನನಿತ್ಯ ಬಳಸಬೇಕಾದವರನ್ನು ಕೇಳದೆ ಕೊಂಡದ್ದರಿಂದ ಹಾಳಾದವು. ಪ್ರೋಗ್ರಾಮಿಂಗ್ ಬಾರದವರೂ ಜಾಲತಾಣದ ಪುಟಗಳನ್ನು ಬರೆದು, ತಿದ್ದಿ, ಪ್ರಕಟಿಸಲು ಬಳಸುವ ಸಿಎಂಎಸ್‌ಗೆ ಕನ್ನಡದಲ್ಲಿ ವಿಷಯ ನಿರ್ವಹಣಾ ತಂತ್ರಾಂಶ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ವಿಷಯ ನಿರ್ವಾಹಕ ಎಂದರೆ ಕಡತ ನೋಡುವ ಗುಮಾಸ್ತ. ಯಾರಿಗಾಗಿ ಈ ತಂತ್ರಾಂಶ ಎಂಬುದು ಹೆಸರಿನಲ್ಲಿಯೇ ಇದೆ. ಆದರೂ ಖರೀದಿ ಸಭೆಗೆ ಕರೆಯುವಾಗ ಮರೆತುಹೋಗುವವರು ಅವರೇ.

ಮೊದಲ ಹೆಜ್ಜೆ: ರವಾನೆ ವಹಿ ತೆರೆಯಿರಿ

ಕಂಪ್ಯೂಟರ್ ಮುಟ್ಟುವ ಮುನ್ನ ಕಳೆದ ಒಂದು ವರ್ಷದ ರವಾನೆ ವಹಿಯನ್ನು ಮೇಜಿನ ಮೇಲಿಡಿ. ಹೊರಗೆ ಹೋದ ಕಾಗದಗಳಲ್ಲಿ ಸಾರ್ವಜನಿಕರಿಗೆ ತಿಳಿಯಬೇಕಾದವು ಎಷ್ಟು? ಟೆಂಡರ್ ಪ್ರಕಟಣೆ, ನೇಮಕಾತಿಯ ತಾತ್ಕಾಲಿಕ ಪಟ್ಟಿ, ಆಕ್ಷೇಪಣೆಗೆ ಕೊನೆಯ ದಿನ, ನೀರು ಬಿಡುವ ವೇಳಾಪಟ್ಟಿ. ಇವುಗಳ ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ 17 ಅಂಶಗಳಿವೆ. ಎಣಿಸಿ ಬರೆದುಕೊಳ್ಳಿ. ವಾರಕ್ಕೆ ಎರಡು ಪ್ರಕಟಣೆ ಹೊರಡಿಸುವ ಕಚೇರಿಗೂ ದಿನಕ್ಕೆ ಇಪ್ಪತ್ತು ಹೊರಡಿಸುವ ಕಚೇರಿಗೂ ಬೇಕಾದ ತಂತ್ರಾಂಶ ಒಂದೇ ಅಲ್ಲ.

ಆಮೇಲೆ ಅವುಗಳನ್ನು ಮೂರು ರಾಶಿ ಮಾಡಿ: ಎಲ್ಲರೂ ನೋಡಬಹುದಾದದ್ದು, ಕಚೇರಿಯೊಳಗಿನದ್ದು, ಜನರ ವೈಯಕ್ತಿಕ ವಿವರ ಇರುವುದು. ಮೂರನೆಯ ರಾಶಿಯ ಬಗ್ಗೆ ಎಚ್ಚರ. ಫಲಾನುಭವಿಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಇದ್ದಂತೆಯೇ ಪಿಡಿಎಫ್ ಮಾಡಿ ಏರಿಸುವ ಚಾಳಿ ನಮ್ಮಲ್ಲಿದೆ. ಅದರ ಬಲತುದಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಕಾಲಂಗಳು ಹಾಗೆಯೇ ಉಳಿದಿರುತ್ತವೆ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯೇ ನಿರ್ಬಂಧಿಸಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಮೂರನೆಯ ರಾಶಿಯನ್ನು ಜಾಲತಾಣದ ಸಿಎಂಎಸ್‌ನೊಳಗೆ ಇಡಲೇಬೇಡಿ.

ಎರಡನೆಯ ಹೆಜ್ಜೆ: ಮನೆ ಯಾವುದು?

ಕಚೇರಿಯ ಹಿಂಕೋಣೆಯಲ್ಲಿ ಸರ್ವರ್ ಇಡುವ ಆಲೋಚನೆ ಇನ್ನೂ ಯಾರ ತಲೆಯಲ್ಲಾದರೂ ಇದ್ದರೆ ಒಂದು ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಲಿ. ಹೊರಗೆ ನಲವತ್ತು ಡಿಗ್ರಿ ದಾಟಿರುತ್ತದೆ, ವಿದ್ಯುತ್ ಹೋಗಿರುತ್ತದೆ, ಯುಪಿಎಸ್ ಬ್ಯಾಟರಿಯನ್ನು ಬದಲಿಸುವ ಕಡತ ಇನ್ನೂ ಲೆಕ್ಕಪತ್ರ ಶಾಖೆಯಲ್ಲಿರುತ್ತದೆ. ನಾನು ನೋಡಿದ ಒಂದು ಕಚೇರಿಯಲ್ಲಿ ಸರ್ವರ್ ಕೋಣೆಯ ಹವಾನಿಯಂತ್ರಕವನ್ನು ಬೇಸಿಗೆಗೆ ಸಾಹೇಬರ ಕೋಣೆಗೆ ವರ್ಗಾಯಿಸಿದ್ದರು. ಸರ್ವರ್ ಮೇ ತಿಂಗಳನ್ನು ಕಾಣಲಿಲ್ಲ.

ಉಳಿಯುವ ದಾರಿಗಳು ಮೂರು. ಮೊದಲನೆಯದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಜಿಲ್ಲಾಡಳಿತಗಳ ಜಾಲತಾಣಗಳು ನಡೆಯುವುದು ಅದರ ಎಸ್3ವಾಸ್ ವೇದಿಕೆಯ ಮೇಲೆ. ಕ್ಲೌಡ್, ಸಿಎಂಎಸ್, ಸಿದ್ಧ ವಿನ್ಯಾಸ, ಭದ್ರತೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ನಿಮ್ಮ ಕಚೇರಿಗೆ ಅಲ್ಲಿ ಜಾಗ ಸಿಗುತ್ತದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಎನ್‌ಐಸಿಯ ಜಿಲ್ಲಾ ಘಟಕದಲ್ಲಿ ಮೊದಲು ವಿಚಾರಿಸಿ. ಸಿಕ್ಕರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ. ವಿನ್ಯಾಸ ನಾಲ್ಕು ಜಿಲ್ಲೆಗಳದ್ದೂ ಒಂದೇ ಥರ ಕಾಣುತ್ತದೆ ಎಂಬ ದೂರು ಕೇಳಿದ್ದೇನೆ. ಕಾಣಲಿ ಬಿಡಿ. ಪ್ರಮಾಣಪತ್ರ ಎಲ್ಲಿದೆ ಎಂದು ಹುಡುಕಿ ಬಂದವನಿಗೆ ಎಲ್ಲ ತಾಣಗಳಲ್ಲೂ ಗುಂಡಿ ಒಂದೇ ಜಾಗದಲ್ಲಿದ್ದರೆ ಅದು ಅನುಕೂಲವೇ.

ಎರಡನೆಯದು ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರ. ಜಾಗ ಅವರದು, ಆದರೆ ಸಿಎಂಎಸ್ ಹಾಕಿ ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ನಿಮ್ಮದು ಅಥವಾ ನಿಮ್ಮ ಗುತ್ತಿಗೆದಾರರದು.

ಮೂರನೆಯದು ಖಾಸಗಿ ಕ್ಲೌಡ್. ಇಲ್ಲಿ ಕಂಪನಿಯ ಹೆಸರು ದೊಡ್ಡದು ಎಂಬುದು ಸಾಲದು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಮಾನ್ಯತಾ ಪಟ್ಟಿಯಲ್ಲಿ ಅದು ಇರಬೇಕು, ಅದೇ ಸಚಿವಾಲಯದ ಗುಣಮಟ್ಟ ಪರೀಕ್ಷಾ ವಿಭಾಗವಾದ ಎಸ್‌ಟಿಕ್ಯುಸಿಯ ಪರಿಶೀಲನೆ ಮುಗಿದಿರಬೇಕು. ಮಾನ್ಯತೆ ಸಿಕ್ಕಿರುವುದು ಯಾವ ದತ್ತಾಂಶ ಕೇಂದ್ರಕ್ಕೆ, ಯಾವ ಸೇವೆಗೆ ಎಂಬುದನ್ನೂ ನೋಡಬೇಕು. ಪತ್ರದಲ್ಲಿ ಒಂದು ಕೇಂದ್ರ ತೋರಿಸಿ, ನಿಮ್ಮ ಕಡತಗಳನ್ನು ಮತ್ತೊಂದರಲ್ಲಿ ಇಡುವ ಸಾಧ್ಯತೆ ಇದ್ದೇ ಇದೆ. ದತ್ತಾಂಶ ಭಾರತದೊಳಗೇ ಇರಬೇಕು, ಬ್ಯಾಕಪ್ ಕೂಡ. ಹೈದರಾಬಾದ್, ಮುಂಬೈಗಳಲ್ಲಿ ದೊಡ್ಡ ಕೇಂದ್ರಗಳಿರುವುದರಿಂದ ಇದು ಕಷ್ಟದ ಷರತ್ತೇನೂ ಅಲ್ಲ.

ಶೇಕಡಾವಾರು ಲೆಕ್ಕಕ್ಕೆ ಮರುಳಾಗಬೇಡಿ. ಶೇ 99ರಷ್ಟು ಸಮಯ ತಾಣ ನಡೆಯುತ್ತದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಕಾಲ ಬಂದ್ ಆಗಿರಬಹುದು ಎಂದೇ ಅದರ ಅರ್ಥ. ಶೇ 99.9 ಎಂದರೆ ಸುಮಾರು 8 ಗಂಟೆ 45 ನಿಮಿಷ. ಆ ಮೂರೂವರೆ ದಿನ ಪ್ರವಾಹದ ವಾರದಲ್ಲಿಯೇ ಬಂದರೆ?

ಮೂರನೆಯ ಹೆಜ್ಜೆ: ಸಿಎಂಎಸ್

ಮುಕ್ತ ತಂತ್ರಾಂಶಕ್ಕೆ (ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು) ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿಯೇ ನೀತಿ ಮಾಡಿದೆ. ಕಾರಣ ಹಣವೊಂದೇ ಅಲ್ಲ. ಗುತ್ತಿಗೆದಾರ ಕೈಬಿಟ್ಟು ಹೋದರೆ ಮತ್ತೊಬ್ಬ ಬಂದು ಮುಂದುವರಿಸಬಹುದು. "ನಾವೇ ತಯಾರಿಸಿದ ಸ್ವಂತ ತಂತ್ರಾಂಶ ಸರ್" ಎನ್ನುವವರನ್ನು ಕಂಡರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅದರ ಒಳಗುಟ್ಟು ಗೊತ್ತಿರುವುದು ಒಬ್ಬನಿಗೆ, ಅವನು ಮುಂದಿನ ವರ್ಷ ಬೆಂಗಳೂರಿಗೆ ಹೋಗುತ್ತಾನೆ.

ಮುಕ್ತ ಸಿಎಂಎಸ್‌ಗಳಲ್ಲಿ ಮುಖ್ಯವಾದವು ವರ್ಡ್‌ಪ್ರೆಸ್ ಮತ್ತು ಡ್ರೂಪಲ್. ವರ್ಡ್‌ಪ್ರೆಸ್ ಕಲಿಯಲು ಸುಲಭ, ಗೊತ್ತಿರುವವರು ಗಂಗಾವತಿಯಲ್ಲೂ ಸಿಗುತ್ತಾರೆ, ಸಿಂಧನೂರಿನಲ್ಲೂ ಸಿಗುತ್ತಾರೆ. ಒಬ್ಬರು ಬರೆದು ಪರಿಶೀಲನೆಗೆ ಕಳುಹಿಸುವುದು, ಇನ್ನೊಬ್ಬರು ಒಪ್ಪಿ ಪ್ರಕಟಿಸುವುದು ಅದರಲ್ಲಿ ಮೊದಲಿನಿಂದಲೇ ಇದೆ. ಆದರೆ ಕನ್ನಡ ಮತ್ತು ಇಂಗ್ಲಿಷ್ ಪುಟಗಳನ್ನು ಜೋಡಿಸಲು ಪ್ಲಗಿನ್, ಅಂದರೆ ಹೊರಗಿನಿಂದ ಸೇರಿಸುವ ಸಣ್ಣ ತಂತ್ರಾಂಶ ಬೇಕು. ಪ್ಲಗಿನ್ ಒಂದಾದರೆ ಹತ್ತಾಗುತ್ತದೆ, ಹತ್ತರಲ್ಲಿ ಒಂದನ್ನು ಯಾರೂ ನವೀಕರಿಸುವುದಿಲ್ಲ, ಕಳ್ಳ ಒಳಗೆ ಬರುವುದು ಅದೇ ಕಿಟಕಿಯಿಂದ. ಡ್ರೂಪಲ್‌ನಲ್ಲಿ ಬಹುಭಾಷೆಯೂ ಹಲವು ಹಂತಗಳ ಅನುಮೋದನೆಯೂ ಮೂಲದಲ್ಲಿಯೇ ಇವೆ. ಗುಮಾಸ್ತ, ಅಧೀಕ್ಷಕ, ಅಧಿಕಾರಿ ಎಂಬ ನಮ್ಮ ಕಡತದ ನಡಿಗೆಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಅದನ್ನು ಬಲ್ಲವರು ಕಡಿಮೆ, ಒಂದು ಆವೃತ್ತಿಯಿಂದ ಮುಂದಿನದಕ್ಕೆ ಏರಿಸುವುದು ಶ್ರಮದ ಕೆಲಸ. ಡ್ರೂಪಲ್ 7ಕ್ಕೆ ಬೆಂಬಲ 2025ರ ಜನವರಿ 5ಕ್ಕೆ ಮುಗಿದಿದೆ. ನಿಮ್ಮ ಹಳೆಯ ತಾಣ ಅದರಲ್ಲಿದ್ದರೆ ಹೊಸದನ್ನು ಕೊಳ್ಳುವ ಅವಸರ ನಿಮಗೆ ನಿಜಕ್ಕೂ ಇದೆ.

ನನ್ನ ಅಭಿಪ್ರಾಯ ನೇರವಾಗಿ: ಒಂದೇ ಕಚೇರಿ, ವಾರಕ್ಕೆ ಹತ್ತರೊಳಗೆ ಪ್ರಕಟಣೆ ಎಂದಾದರೆ ನಾಲ್ಕೈದು ಪ್ಲಗಿನ್ ಮೀರದ ವರ್ಡ್‌ಪ್ರೆಸ್ ಸಾಕು. ಹಲವು ತಾಲ್ಲೂಕು, ಹಲವು ಶಾಖೆ, ಪ್ರತಿಯೊಂದಕ್ಕೂ ಬೇರೆ ಸಹಿದಾರರು ಎಂದಾದರೆ ಡ್ರೂಪಲ್.

ನಾಲ್ಕನೆಯ ಹೆಜ್ಜೆ: ಕನ್ನಡದ ಪರೀಕ್ಷೆ

ಮಾರಾಟಗಾರರು ಇಂಗ್ಲಿಷ್ ಪುಟಗಳನ್ನು ತೋರಿಸಿ "ಕನ್ನಡವೂ ಬರುತ್ತದೆ" ಎನ್ನುತ್ತಾರೆ. ಬರುತ್ತದೆ, ಆದರೆ ಹೇಗೆ ಎಂಬುದನ್ನು ನೋಡಬೇಕು.

ಮೊದಲು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳು. ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ಟೈಪಾದ ಸುತ್ತೋಲೆಗಳು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿವೆ. ಅವುಗಳಲ್ಲಿ ಒಳಗಿರುವುದು ರೋಮನ್ ಸಂಕೇತ, ಮೇಲೆ ಕಾಣುವ ಬಣ್ಣ ಮಾತ್ರ ಕನ್ನಡ. ನಕಲು ಮಾಡಿ ಸಿಎಂಎಸ್‌ಗೆ ಅಂಟಿಸಿದರೆ ಕನ್ನಡ ಕಳಚಿಬಿದ್ದು ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಹೀಗಾದಾಗ ಬೇಸತ್ತ ಗುಮಾಸ್ತರು ಏನು ಮಾಡುತ್ತಾರೆ? ಮುದ್ರಿಸಿ, ಸ್ಕ್ಯಾನ್ ಮಾಡಿ, ಚಿತ್ರವನ್ನು ಏರಿಸುತ್ತಾರೆ. ಆ ಚಿತ್ರವನ್ನು ಗೂಗಲ್ ಸರಿಯಾಗಿ ಓದುವುದಿಲ್ಲ, ಕಣ್ಣು ಕಾಣದವರ ತಂತ್ರಾಂಶ ಓದುವುದಿಲ್ಲ. ಎಂಟು ಎಂಬಿ ತೂಗುವ ಆ ಪಿಡಿಎಫ್, ಒಂದು ಎಂಬಿಪಿಎಸ್ ವೇಗದ ಮೊಬೈಲ್‌ನಲ್ಲಿ ಇಳಿಯಲು ಒಂದು ನಿಮಿಷಕ್ಕೂ ಮೀರಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಕರಡು ತಿದ್ದಿ ಕೊಡುವುದು ಕೂಡ ಗುತ್ತಿಗೆಯ ಭಾಗ ಎಂದು ಬರೆಯಿರಿ. ಪರಿವರ್ತಕ ತಂತ್ರಾಂಶಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತವೆ. ಮನುಷ್ಯರ ಕಣ್ಣು ಬೇಕೇ ಬೇಕು.

ಎರಡನೆಯದು ಹುಡುಕಾಟ. ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಗುತ್ತಿಗೆದಾರರಿಗೆ ಅಷ್ಟೇ ಕಷ್ಟದ್ದು. ಕೊಪ್ಪಳ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಒಂದೇ ಎಂದು ಕಲಿಸದಿದ್ದರೆ, ಜಿಲ್ಲೆಯ ಹೆಸರನ್ನು ಹುಡುಕಿದವನಿಗೆ ಆ ಜಿಲ್ಲೆಯ ಕಚೇರಿಯ ತಾಣವೇ ಫಲಿತಾಂಶವಿಲ್ಲ ಎನ್ನುತ್ತದೆ. ಸಾಫ್ಟ್‌ವೇರ್ ಎಂಬ ಪದದಲ್ಲಿ ಟಕಾರದ ಆಚೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದನ್ನು ಬಿಟ್ಟು ಟೈಪ್ ಮಾಡಿದವರಿಗೂ ಆ ಪುಟ ಸಿಗಬೇಕು. ಇನ್ನು ಮಾನ್ವಿ ಎಂದೂ ಮಾನವಿ ಎಂದೂ, ಲಿಂಗಸುಗೂರು ಎಂದೂ ಲಿಂಗಸೂಗೂರು ಎಂದೂ ಬರೆಯುವ ನಾವು! ಇಂಥ ಪರ್ಯಾಯ ರೂಪಗಳ ಪಟ್ಟಿಯನ್ನು ತಂತ್ರಾಂಶಕ್ಕೆ ಕೊಡಲು ಬರುತ್ತದೆಯೇ ಎಂದು ಕೇಳಿ. ನಿಮ್ಮ ವ್ಯಾಪ್ತಿಯ ಹತ್ತು ಊರುಗಳ ಹೆಸರು ಬರೆದುಕೊಂಡು ಹೋಗಿ, ಎದುರಿಗೇ ಹುಡುಕಿಸಿ.

ಮೂರನೆಯದು ಓದಿಸಿ ನೋಡುವುದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಕನ್ನಡದಲ್ಲಿಯೂ ಓದಿ ಹೇಳುತ್ತದೆ. ಅದನ್ನು ಹಾಕಿ, ಮಾನಿಟರ್ ಆಫ್ ಮಾಡಿ, ಒಂದು ಅರ್ಜಿ ನಮೂನೆಯನ್ನು ಹುಡುಕಿ ತೆಗೆಯಲು ಪ್ರಯತ್ನಿಸಿ. ಕೇಂದ್ರದ ಸರ್ಕಾರಿ ಜಾಲತಾಣ ಮಾರ್ಗಸೂಚಿಯ 3.0 ಆವೃತ್ತಿ 2023ರಲ್ಲಿ ಬಂದಿದೆ, ಅಂಗವಿಕಲರ ಬಳಕೆಗೆ ಒದಗುವಂತಿರಬೇಕೆಂಬ ವಿವರಗಳೆಲ್ಲ ಅದರಲ್ಲಿವೆ. ಆದರೆ ಹತ್ತು ನಿಮಿಷ ಕತ್ತಲಲ್ಲಿ ಕುಳಿತು ಕೇಳಿದ ಅಧಿಕಾರಿಗೆ ಮಾರ್ಗಸೂಚಿಯನ್ನು ಬೇರೆ ವಿವರಿಸಬೇಕಾಗಿ ಬಂದದ್ದನ್ನು ನಾನು ಕಂಡಿಲ್ಲ.

ಐದನೆಯ ಹೆಜ್ಜೆ: ಗುಮಾಸ್ತರ ಕೈಗೆ ಕೊಡಿ

ಪ್ರಾತ್ಯಕ್ಷಿಕೆಯ ದಿನ ಕಂಪನಿಯ ಹುಡುಗ ಮೌಸ್ ಹಿಡಿಯಬಾರದು. ನಿಮ್ಮ ದ್ವಿತೀಯ ದರ್ಜೆ ಸಹಾಯಕರೊಬ್ಬರನ್ನು ಕೂರಿಸಿ, ಅರ್ಧ ಗಂಟೆ ತರಬೇತಿ ಕೊಡಿಸಿ, ಆಮೇಲೆ ಕೆಲಸ ಹೇಳಿ. ನಾನು ಕೊಡುವ ಕೆಲಸಗಳು ಇವು: ಒಂದು ಟೆಂಡರ್ ಪ್ರಕಟಣೆ ಹಾಕಿ, ಅದು ಕೊನೆಯ ದಿನ ಸಂಜೆ ತಾನಾಗಿಯೇ ಹಳೆಯ ಪ್ರಕಟಣೆಗಳಿಗೆ ಸರಿಯುವಂತೆ ಮಾಡಿ. ತಪ್ಪಾದ ದಿನಾಂಕವನ್ನು ತಿದ್ದಿ, ಮೊದಲು ಏನಿತ್ತು, ಯಾರು ಬದಲಿಸಿದರು ಎಂಬುದನ್ನು ತೋರಿಸಿ. ಕನ್ನಡ ಪುಟಕ್ಕೆ ಇಂಗ್ಲಿಷ್ ಪುಟ ಜೋಡಿಸಿ. ಕೊನೆಯದಾಗಿ, ಮೊಬೈಲ್‌ನಿಂದ, ವೈಫೈ ಆಫ್ ಮಾಡಿ, ಮುಖಪುಟದ ಮೇಲ್ತುದಿಯಲ್ಲಿ ಒಂದು ಸಾಲಿನ ಎಚ್ಚರಿಕೆ ಹಾಕಿ. ಗಡಿಯಾರ ನೋಡುತ್ತಿರಿ. ಈ ಕೊನೆಯ ಕೆಲಸಕ್ಕೆ ಐದು ನಿಮಿಷ ಮೀರಿದರೆ, ಉಳಿದುದೆಲ್ಲ ಎಷ್ಟೇ ಚಂದವಿದ್ದರೂ ನನ್ನ ಲೆಕ್ಕದಲ್ಲಿ ಅದು ಅನುತ್ತೀರ್ಣ.

ಒಂದು ಕಚೇರಿಯಲ್ಲಿ ಈ ಪರೀಕ್ಷೆ ನಡೆದಾಗ, ಮೂರು ತಂತ್ರಾಂಶಗಳನ್ನೂ ಮುಟ್ಟಿನೋಡಿದ ಸಹಾಯಕಿ ಕಡಿಮೆ ಆಕರ್ಷಕವಾದದ್ದನ್ನು ಆರಿಸಿದರು. ಕಾರಣ ಕೇಳಿದ್ದಕ್ಕೆ, "ಇದರಲ್ಲಿ ತಪ್ಪು ಮಾಡಿದರೆ ವಾಪಸ್ ಬರುವ ದಾರಿ ಕಾಣುತ್ತದೆ" ಎಂದರು. ಸಮಿತಿಯ ವರದಿಯಲ್ಲಿ ಅಷ್ಟು ಒಳ್ಳೆಯ ವಾಕ್ಯ ಮತ್ತೊಂದಿರಲಿಲ್ಲ.

ಆರನೆಯ ಹೆಜ್ಜೆ: ಟೆಂಡರ್ ಮತ್ತು ದುಡ್ಡು

ಖರೀದಿ 1999ರ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನಲ್ಲಿಯೇ ನಡೆಯಬೇಕು, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಇದು: ದ್ವಿಲಕೋಟೆ ಪದ್ಧತಿಯಲ್ಲಿ (ತಾಂತ್ರಿಕ ವಿವರ ಒಂದು ಲಕೋಟೆ, ದರ ಇನ್ನೊಂದು) ಮೇಲಿನ ಕನ್ನಡದ ಪರೀಕ್ಷೆ, ಗುಮಾಸ್ತರ ಪರೀಕ್ಷೆ ಎರಡನ್ನೂ ತಾಂತ್ರಿಕ ಅರ್ಹತೆಯ ಷರತ್ತಾಗಿ ಮೊದಲೇ ಪ್ರಕಟಿಸಿ. ಪಾಸಾದವರ ಆರ್ಥಿಕ ಲಕೋಟೆ ಮಾತ್ರ ತೆರೆಯಿರಿ. ಇಲ್ಲವಾದರೆ ಕನಿಷ್ಠ ದರದವರು ಗೆಲ್ಲುತ್ತಾರೆ, ಕೊಪ್ಪಳ ಹುಡುಕಿದರೆ ಕೊಪ್ಪಳ ಸಿಗುವುದಿಲ್ಲ.

ಕ್ಲೌಡ್ ಬಿಲ್ ವಿದ್ಯುತ್ ಬಿಲ್ಲಿನ ಹಾಗೆ, ಬಳಸಿದಷ್ಟು ಏರುತ್ತದೆ. ನಮ್ಮ ಅನುದಾನ ಏರುವುದಿಲ್ಲ. ಪ್ರವಾಹದ ವಾರದಲ್ಲಿ ಓದುಗರು ಹೆಚ್ಚಿದರೆ ಹೊರಹೋಗುವ ದತ್ತಾಂಶದ ಶುಲ್ಕವೂ ಹೆಚ್ಚುತ್ತದೆ. ಹಾಗಾಗಿ ತಿಂಗಳ ಗರಿಷ್ಠ ಮಿತಿ ಎಷ್ಟು, ಮಿತಿ ಸಮೀಪಿಸಿದಾಗ ಯಾರಿಗೆ ಸಂದೇಶ ಬರುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿ. ಮಿತಿ ಮುಟ್ಟಿದ ಕೂಡಲೇ ತಾಣವನ್ನು ನಿಲ್ಲಿಸುವ ವ್ಯವಸ್ಥೆ ಮಾತ್ರ ಬೇಡ.

ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗುತ್ತದೆ, ಅನುದಾನ ಬಿಡುಗಡೆಯಾಗಿ ರಾಜ್ಯದ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಪಾಸಾಗುವಾಗ ಮುಂಗಾರು ಬಂದಿರುತ್ತದೆ. ಈ ನಡುವೆ ಹಣ ಬಾಕಿ ಎಂದು ಸೇವೆ ನಿಲ್ಲಿಸಬಾರದು. ಕನಿಷ್ಠ 120 ದಿನ ಸೇವೆ ಮುಂದುವರಿಸುವ ಷರತ್ತು ಕೇಳಿ. ಕೊಡುತ್ತಾರೆ, ಕೇಳುವವರು ಕಡಿಮೆ ಅಷ್ಟೇ. ಮಾರ್ಚ್ ಕೊನೆಯ ವಾರದಲ್ಲಿ, ಅನುದಾನ ವಾಪಸ್ ಹೋಗುತ್ತದೆಂಬ ಗಾಬರಿಯಲ್ಲಿ ತಂತ್ರಾಂಶ ಕೊಳ್ಳಬೇಡಿ ಎಂಬ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ, ಆದರೂ ಬರೆದಿದ್ದೇನೆ.

ಏಳನೆಯ ಹೆಜ್ಜೆ: ಭದ್ರತೆ

ತಾಣವನ್ನು ತೆರೆಯುವ ಮುನ್ನ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನಿಂದ ಮಾನ್ಯತೆ ಪಡೆದ ಸಂಸ್ಥೆಯಿಂದ ಭದ್ರತಾ ಪರಿಶೀಲನೆ ಆಗಬೇಕು, ದೊಡ್ಡ ಬದಲಾವಣೆಯಾದಾಗ ಮತ್ತೊಮ್ಮೆ. ಆ ಖರ್ಚು ಯಾರದು ಎಂದು ಮೊದಲೇ ನಿರ್ಧರಿಸಿ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರದಲ್ಲಿ ಏನೇನು ನಡೆಯಿತೆಂಬ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ಭಾನುವಾರ ದಾಳಿಯಾದರೆ ಆ ವರದಿ ಯಾರು ಕಳುಹಿಸುತ್ತಾರೆ? ಹುದ್ದೆಯ ಹೆಸರು ಬರೆದಿಡಿ. ಬ್ಯಾಕಪ್ ಇದೆ ಎಂಬ ಮಾತನ್ನು ನಂಬಬೇಡಿ. ಮೂರು ತಿಂಗಳಿಗೊಮ್ಮೆ ಅದರಿಂದ ತಾಣವನ್ನು ಮತ್ತೆ ಎಬ್ಬಿಸಿ ತೋರಿಸಲಿ.

ಎಂಟನೆಯ ಹೆಜ್ಜೆ: ಹೊರಗೆ ಹೋಗುವ ಬಾಗಿಲು, ಬೀಗದ ಕೈ

ಒಳಗೆ ಬರುವಾಗಲೇ ಹೊರಗೆ ಹೋಗುವ ಬಾಗಿಲು ನೋಡಿಕೊಳ್ಳಿ. ಬಳ್ಳಾರಿಯನ್ನು ನೋಡಿ. 2014ರ ನವೆಂಬರ್ 1ರಂದು ಅದರ ಇಂಗ್ಲಿಷ್ ಹೆಸರಿನ ಕಾಗುಣಿತ ಬದಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮುಂತಾದ ತಾಲ್ಲೂಕುಗಳು ಆ ಕಡೆಗೆ ಹೋದವು. ಅಂಥ ಹೊತ್ತಿನಲ್ಲಿ ಒಂದು ಇಲಾಖೆಯ ಜಿಲ್ಲಾ ಕಚೇರಿಯ ತಾಣದಿಂದ ಆರು ತಾಲ್ಲೂಕುಗಳ ಪುಟಗಳನ್ನು ಬಿಡಿಸಿ ಬೇರೆಡೆ ಇಡಬೇಕು, ಹಳೆಯ ವಿಳಾಸ ಒತ್ತಿದವರು ಹೊಸ ಪುಟಕ್ಕೆ ತಾನಾಗಿಯೇ ತಲುಪಬೇಕು. ಪುಟಗಳಿಗೆ ತಾಲ್ಲೂಕಿನ ಗುರುತು ಹಾಕಿಟ್ಟಿದ್ದರೆ ಇದು ಒಂದು ವಾರದ ಕೆಲಸ, ಇಲ್ಲದಿದ್ದರೆ ಒಂದು ವರ್ಷದ್ದು. ಪಠ್ಯ, ಚಿತ್ರ, ವಿಳಾಸಗಳ ಪಟ್ಟಿ, ಬಳಕೆದಾರರ ಪಟ್ಟಿ ಎಲ್ಲವನ್ನೂ ಮುಕ್ತ ನಮೂನೆಯಲ್ಲಿ 30 ದಿನದೊಳಗೆ ಹಿಂದಿರುಗಿಸಬೇಕೆಂದು ಬರೆಸಿ, ಮೊದಲ ವರ್ಷದಲ್ಲಿಯೇ ಒಮ್ಮೆ ಅದನ್ನು ಮಾಡಿಸಿ ನೋಡಿ.

ಇನ್ನು ಬೀಗದ ಕೈ. ನನಗೆ ಗೊತ್ತಿರುವ ಒಂದು ಕಚೇರಿಯ ಡೊಮೇನ್ ಹೆಸರು ಹೊರಗುತ್ತಿಗೆಯ ಹುಡುಗನೊಬ್ಬನ ಖಾಸಗಿ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಅವನು ಕೆಲಸ ಬಿಟ್ಟ, ನವೀಕರಣದ ಸಂದೇಶಗಳು ಅವನಿಗೇ ಹೋಗುತ್ತಿದ್ದವು, ಒಂದು ಬೆಳಗ್ಗೆ ಆ ವಿಳಾಸದಲ್ಲಿ ಜೂಜಿನ ಜಾಹೀರಾತು ಕುಳಿತಿತ್ತು. ಸರ್ಕಾರಿ ಡೊಮೇನ್ (gov.in ಎಂದು ಕೊನೆಯಾಗುವ ವಿಳಾಸ) ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಇಮೇಲ್, ಒಟಿಪಿ ಬರುವ ಮೊಬೈಲ್, ಕ್ಲೌಡ್ ಖಾತೆ ಎಲ್ಲವೂ ಹುದ್ದೆಯ ಹೆಸರಿನಲ್ಲಿರಲಿ. ಸಿಎಂಎಸ್‌ನೊಳಗಿನ ಲಾಗಿನ್ ಮಾತ್ರ ಪ್ರತಿಯೊಬ್ಬರಿಗೂ ಬೇರೆಬೇರೆ, ಏಕೆಂದರೆ ಯಾರು ಏನು ಬದಲಿಸಿದರು ಎಂಬುದು ತಿಳಿಯಬೇಕು. ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಪಾಸ್‌ವರ್ಡ್ ಇರುವ ಕಚೇರಿಯಲ್ಲಿ ಅದು ತಿಳಿಯುವುದಿಲ್ಲ.

ಮೇ, ಜೂನ್‌ನಲ್ಲಿ ವರ್ಗಾವಣೆ ಬಂದಾಗ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಅಲ್ಮೇರಾ ಬೀಗದ ಕೈ, ಮೊಹರು, ವಹಿಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಜಾಲತಾಣ ಮತ್ತು ಕ್ಲೌಡ್ ಖಾತೆ. ಪಟ್ಟಿಗೆ ಇಬ್ಬರ ಸಹಿ ಬೀಳುವ ಮುನ್ನ, ಹಳಬರ ಲಾಗಿನ್ ರದ್ದು ಮಾಡಿ, ಹೊಸಬರು ತಮ್ಮ ಮೊಬೈಲ್‌ನಿಂದ ಒಳಗೆ ಹೋಗಿ ಮುಖಪುಟದ ಮೇಲ್ತುದಿಯಲ್ಲಿ ಒಂದು ಸಾಲು ಪ್ರಕಟಿಸಿ, ಅಳಿಸಿ ನೋಡಲಿ.